ಗಡಿಸೀಮೆಯ ಪದವಿ ತರಗತಿ ಮತ್ತು ಕನ್ನಡ ವಿಭಾಗದ ಹೊಣೆ

ಪದವಿ ವಿದ್ಯಾರ್ಥಿಗಳಿಗೆ ಒದಗಬೇಕಾದ ನೆರವಿನ ಪ್ರಶ್ನೆ ಬಂದೊಡನೆ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಬಸ್ ಪಾಸುಗಳ ಸುತ್ತಲೇ ಚರ್ಚೆ ನಡೆಯುತ್ತದೆ. ಇವುಗಳ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ೨೦೨೩ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ದೂರದ ಹಳ್ಳಿಯ ಹೆಣ್ಣುಮಕ್ಕಳ ಪ್ರಯಾಣದ ಖರ್ಚನ್ನು ಇಳಿಸಿದೆ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮಟ್ಟಿಗೆ, ಕಾಲೇಜಿನ ಬಾಗಿಲವರೆಗೆ ತಲುಪಿಸುವ ನೆರವಿನಷ್ಟೇ ಮುಖ್ಯವಾದುದು ತರಗತಿಯ ಒಳಗೆ ದೊರೆಯಬೇಕಾದ ಭಾಷೆಯ ನೆರವು. ಅದನ್ನು ನೀಡಬಲ್ಲದ್ದು ಕನ್ನಡ ವಿಭಾಗ. ಅದನ್ನು ತನ್ನ ಕರ್ತವ್ಯವೆಂದು ವಿಭಾಗ ಭಾವಿಸಬೇಕಾಗಿದೆ.

ಈ ಸೀಮೆಯ ಭಾಷಿಕ ಸ್ವರೂಪ ಏಕರೂಪವಾದುದಲ್ಲ. ಹನೂರನ್ನೂ ಒಳಗೊಂಡಿದ್ದ ಹಳೆಯ ಕೊಳ್ಳೇಗಾಲ ತಾಲ್ಲೂಕು ೧೯೫೬ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತ್ತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಇವೆಲ್ಲ ಒಂದೇ ಜಿಲ್ಲೆಯ ಭಾಗಗಳಾದವು. ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿಯಿದೆ. ಮಾರ್ಟಳ್ಳಿಯ ಸುತ್ತಿನ ಊರುಗಳಲ್ಲಿ ತಮಿಳು ಮನೆಮಾತಾದ ಕುಟುಂಬಗಳಿವೆ. ಬಯಲಿನ ಹಳ್ಳಿಗಳಲ್ಲಿ ಈ ಭಾಗದ್ದೇ ಆದ ಕನ್ನಡವಿದೆ. ಇಂತಹ ಮನೆಗಳಿಂದ ಬಂದವರು ಒಂದೇ ಬೆಂಚಿನಲ್ಲಿ ಕುಳಿತಾಗ, ಪಠ್ಯಪುಸ್ತಕದ ಶಿಷ್ಟ ಕನ್ನಡ ಎಲ್ಲರಿಗೂ ಸಮಾನವಾಗಿ ಸುಲಭವೆಂದು ಭಾವಿಸುವುದು ಸರಿಯಲ್ಲ.

ಇಲ್ಲೊಂದು ವೈರುಧ್ಯವಿದೆ. ಕನ್ನಡ ಜಾನಪದ ಅಧ್ಯಯನಕ್ಕೆ ಈ ಪ್ರದೇಶ ಕೊಟ್ಟಷ್ಟನ್ನು ಕೊಟ್ಟ ಪ್ರದೇಶಗಳು ವಿರಳ. ದೇವರಗುಡ್ಡರು ಹಾಡುವ ಮಲೆ ಮಾದೇಶ್ವರ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ, ಚಿಕ್ಕಲ್ಲೂರಿನ ಜಾತ್ರೆ ಇವೆಲ್ಲ ಸಂಶೋಧಕರ ಗಮನವನ್ನು ನಿರಂತರವಾಗಿ ಸೆಳೆದಿವೆ. ಪಿ.ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್, ಹಿ.ಚಿ. ಬೋರಲಿಂಗಯ್ಯ ಮೊದಲಾದವರ ಸಂಪಾದನೆಗಳು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಶ್ರೀಮಂತಗೊಳಿಸಿವೆ. ಹೀಗೆ ಅಜ್ಜನ ಬಾಯಿಯ ಮಾತು ಸ್ನಾತಕೋತ್ತರ ತರಗತಿಯಲ್ಲಿ ‘ಆಕರ’ವೆನಿಸುತ್ತದೆ; ಅದೇ ಮಾತು ಮೊಮ್ಮಗಳ ಉತ್ತರಪತ್ರಿಕೆಯಲ್ಲಿ ಕಾಣಿಸಿಕೊಂಡರೆ ‘ದೋಷ’ವೆನಿಸುತ್ತದೆ. ಈ ಎರಡು ಅಳತೆಗೋಲುಗಳನ್ನು ಹಿಡಿದಿರುವುದು ಒಂದೇ ವಿಭಾಗವೆಂಬುದನ್ನು ಗಮನಿಸಬೇಕು.

ಊಳಿಗದ ಹೆಣ್ಣುಮಗಳು ಕವಯಿತ್ರಿಯಾದ ನಿದರ್ಶನವನ್ನು ಯಳಂದೂರೇ ಒದಗಿಸಿದೆ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಕೆಲಸಕ್ಕಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಆ ಕೃತಿಯ ಸ್ತ್ರೀಧರ್ಮದ ನಿಲುವನ್ನು ಇಂದಿನ ಓದುಗರು ಪ್ರಶ್ನಿಸಬಹುದು. ಆದರೆ ಅವಳ ಪ್ರತಿಭೆಗೆ ಸಿಂಗರಾರ್ಯನಂತಹ ಗುರುವಿನ ಆಸರೆಯಿತ್ತು ಎಂಬ ಸಂಗತಿ ಪಾಠ ಮಾಡುವವರೆಲ್ಲರಿಗೂ ಸಂಬಂಧಿಸಿದ್ದು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಪಠ್ಯಕ್ರಮ ಪದೇಪದೇ ಬದಲಾಗುತ್ತಿದೆ: ೨೦೨೧ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು ಬಂದಿತು, ೨೦೨೪-೨೫ರಿಂದ ಮತ್ತೆ ಮೂರು ವರ್ಷಗಳ ಪದವಿ ಜಾರಿಗೆ ಬಂದಿತು. ಬೋಧನೆಯ ಬಹುಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ವರ್ಷವರ್ಷವೂ ನೇಮಕಾತಿಯನ್ನು ಕಾಯುವವರಿಂದ ಹೆಚ್ಚುವರಿ ದುಡಿಮೆಯನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಈ ಆಕ್ಷೇಪ ಸಾಧುವಾದುದೇ. ಆದುದರಿಂದಲೇ ಬರವಣಿಗೆಯ ತರಬೇತಿಯನ್ನು ಉಪನ್ಯಾಸಕರ ಔದಾರ್ಯಕ್ಕೆ ಬಿಡದೆ ಕಾರ್ಯಭಾರದ ಲೆಕ್ಕಕ್ಕೆ ಸೇರಿಸಬೇಕು. ಉಪಭಾಷೆಗೆ ಮನ್ನಣೆ ಕೊಟ್ಟರೆ ವಿದ್ಯಾರ್ಥಿಗಳು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಹಿಂದುಳಿಯುವರೆಂಬ ವಾದವೂ ಇದೆ. ಶಿಷ್ಟ ಕನ್ನಡವನ್ನು ಕಲಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಮನೆಮಾತನ್ನು ಕೀಳೆಂದು ಬಗೆದು ಕಲಿಸುವಾಗ ವಿದ್ಯಾರ್ಥಿ ಮೊದಲು ಕಲಿಯುವುದು ಮೌನವನ್ನು. ಮನೆಮಾತಿನಿಂದ ಹೊರಟು ಕಲಿಸುವಾಗ ಎರಡು ನುಡಿಗಳ ಅಂತರವನ್ನು ಅರಿತು ಬರೆಯುತ್ತಾನೆ.

ಈ ಹಿನ್ನೆಲೆಯಲ್ಲಿ ಮೂರು ಕ್ರಮಗಳು ಅವಶ್ಯಕ. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ವಾರಕ್ಕೊಂದು ಗಂಟೆಯನ್ನು ಬರವಣಿಗೆಗೇ ಮೀಸಲಿಟ್ಟು, ತಿದ್ದಿದ ಪ್ರತಿಯನ್ನು ವಿದ್ಯಾರ್ಥಿಯೇ ಮತ್ತೆ ಬರೆಯುವಂತೆ ಮಾಡಬೇಕು. ಆಂತರಿಕ ಮೌಲ್ಯಮಾಪನದ ಒಂದು ಭಾಗವಾಗಿ ವಿದ್ಯಾರ್ಥಿಗಳು ತಮ್ಮ ಊರಿನ ಹಾಡು, ಕಸುಬು, ಸ್ಥಳನಾಮಗಳನ್ನು ದಾಖಲಿಸಬೇಕು. ಹಾಡಿದವರ ಒಪ್ಪಿಗೆಯೊಡನೆ ಆ ಧ್ವನಿಮುದ್ರಣಗಳು ಆಯಾ ಕಾಲೇಜಿನ ಗ್ರಂಥಾಲಯದಲ್ಲಿಯೇ ಉಳಿಯಬೇಕು. ಕೊಳ್ಳೇಗಾಲದ ರೇಷ್ಮೆ ನೇಕಾರಿಕೆಯ ಪದಗಳಾಗಲಿ, ಸೋಲಿಗರ ಗಿಡಮರಗಳ ಹೆಸರುಗಳಾಗಲಿ ಹೊರಗಿನ ಸಂಶೋಧಕರು ಬರುವವರೆಗೆ ಕಾಯಬೇಕಾಗಿಲ್ಲ. ಮೂರನೆಯದಾಗಿ, ಪಠ್ಯ ರೂಪಿಸುವ ಅಧ್ಯಯನ ಮಂಡಳಿಗಳಲ್ಲಿ ಇಂತಹ ತಾಲ್ಲೂಕು ಕಾಲೇಜುಗಳ ಅಧ್ಯಾಪಕರಿಗೆ ಸ್ಥಾನ ಇರಬೇಕು.

ಈ ಸೀಮೆಯ ಹಾಡನ್ನು ಸಂಗ್ರಹಿಸಿ ಪದವಿಗಳನ್ನು ಪ್ರದಾನ ಮಾಡಿದ ವಿಶ್ವವಿದ್ಯಾಲಯಗಳ ಮೇಲೆ ಒಂದು ಋಣವಿದೆ. ಹಾಡಿದವರ ಮಕ್ಕಳು ಅಳುಕಿಲ್ಲದೆ ಕನ್ನಡದಲ್ಲಿ ಒಂದು ಪುಟ ಬರೆಯುವಂತೆ ಮಾಡುವುದು ಆ ಋಣಸಂದಾಯದ ಮೊದಲ ಕಂತು.