ಪುಟಾಣಿ ಫೋರ್ಕ್‌ಲಿಫ್ಟೂ, ಇಂಗ್ಲೀಷ್ ಫಲಕವೂ

ಫೋರ್ಕ್‌ಲಿಫ್ಟ್ ಬಗ್ಗೆ ಬ್ಲಾಗಲ್ಲಿ ಬರೀತೀನಿ ಅಂದಿದ್ದಕ್ಕೆ ರೂಮ್‌ಮೇಟ್ ನಕ್ಕ. "ಕವನ ಗಿವನ ಬರ್ಕೊಂಡು ಆರಾಮಾಗಿದ್ದೆ, ನಿಂಗ್ಯಾಕೋ ಇದೆಲ್ಲ?" ಅಂದ. ಏನ್ಮಾಡೋದು, ಹೊಟ್ಟೆಪಾಡಿಗೆ ನಾನು ಬರೆಯೋದು ಗೋಡೌನ್‌ಗಳ ಸಾಫ್ಟ್‌ವೇರು. ಯಾವ ಪ್ಯಾಲೆಟ್ ಯಾವ ರ್ಯಾಕಿಗೆ ಹೋಗ್ಬೇಕು ಅಂತ ನನ್ನ ಪ್ರೋಗ್ರಾಮು ಹೇಳುತ್ತೆ. ಎತ್ತಿಡೋನು ಮಾತ್ರ ಮನುಷ್ಯ, ಫೋರ್ಕ್‌ಲಿಫ್ಟಿನ ಸೀಟಿನ ಮೇಲೆ ಕೂತಿರೋನು.

ನೆಲಮಂಗಲ, ಹೊಸಕೋಟೆ, ಮಾಲೂರು ಕಡೆ ಹೋದೋರು ಹೆದ್ದಾರಿ ಪಕ್ಕದ ಉದ್ದುದ್ದ ಶೆಡ್‌ಗಳನ್ನ ನೋಡಿರ್ತೀರಿ. ಅಂಥ ಶೆಡ್‌ಗಳ ಒಳಗೆ ಬ್ಯಾಟರಿ ಮೇಲೆ ಓಡೋ ಮೂರು ಚಕ್ರದ ಪುಟ್ಟ ಫೋರ್ಕ್‌ಲಿಫ್ಟ್ ಬಳಸೋದು ಒಳ್ಳೇದೇ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಮುಚ್ಚಿದ ಶೆಡ್ಡಲ್ಲಿ ದಿನಕ್ಕೆ ಎಂಟು ಗಂಟೆ ಅದನ್ನ ಕುಡಿಸೋದು ಅನ್ಯಾಯ. ಇದರಲ್ಲಿ ನನ್ನದೇನೂ ತಕರಾರಿಲ್ಲ.

ಆದ್ರೆ ಮಾಲೀಕರು ಇದನ್ನ ಕೊಳ್ಳೋದು ಹೆಚ್ಚಾಗಿ ಹೊಗೆಗೆ ಹೆದರಿ ಅಲ್ಲ, ಜಾಗಕ್ಕೆ ಆಸೆಪಟ್ಟು. ಡೀಸೆಲ್ ಗಾಡಿ ತಿರುಗೋಕೆ ರ್ಯಾಕುಗಳ ನಡುವಿನ ಓಣಿ ಹತ್ತಿರ ಹತ್ತಿರ ನಾಲ್ಕು ಮೀಟರ್ ಇರಬೇಕು. ಮೂರು ಚಕ್ರದ್ದಕ್ಕೆ ಮೂರು ಕಾಲು ಮೀಟರ್ ಆಸುಪಾಸು ಸಾಕು. ಓಣಿಗೆ 70 ಸೆಂಟಿಮೀಟರ್ ಅಂದ್ರೂ ಎಂಟು ಓಣಿಗೆ ಐದೂವರೆ ಮೀಟರ್ ಉಳೀತು. ಇನ್ನೊಂದು ಜೋಡಿ ರ್ಯಾಕು, ಅದರ ಓಣಿ ಸಮೇತ, ಅಲ್ಲಿ ಹಿಡಿಯುತ್ತೆ. ಲೆಕ್ಕ ಚೆನ್ನಾಗಿದೆ. ಆ ಲೆಕ್ಕದಲ್ಲಿ ಓಣಿಯೊಳಗೆ ನಡೆದಾಡೋ ಹುಡುಗರಿಗೆ ಎಷ್ಟು ಸೆಂಟಿಮೀಟರ್ ಇಟ್ಟಿದೀರಿ ಅಂತ ಕೇಳಿ ನೋಡಿ, ಮುಖ ನೋಡ್ತಾರೆ.

ಪುಟ್ಟದು ಅಂತ ನಾವು ಕರೆಯೋದು ಬರೀ ಅಳತೆ ನೋಡಿ. ಒಂದೂವರೆ ಟನ್ ಎತ್ತೋ ಈ ಗಾಡಿ ತಾನೇ ಸುಮಾರು ಮೂರು ಟನ್ ತೂಗುತ್ತೆ. ಅದರ 48 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಒಂದೇ ಏಳುನೂರು ಕೆಜಿ ಆಸುಪಾಸು. ಹಳೇ ಮಾರುತಿ 800 ನೆನಪಿದ್ಯಲ್ಲ, ಇಡೀ ಕಾರು ಅಷ್ಟೂ ತೂಗ್ತಿರಲಿಲ್ಲ! ಆ ಭಾರ ದಂಡ ಅಲ್ಲ. ಮುಂದೆ ಎತ್ತಿದ ಸರಕಿಗೆ ಹಿಂದಿನಿಂದ ಸಮತೂಕ ಕೊಡೋದೇ ಅದು, ಏತದ ಹಿಂದೆ ಕಲ್ಲು ಕಟ್ತಿದ್ರಲ್ಲ ಹಾಗೆ. ಅದಕ್ಕೇ ಹಳೇ ಗಾಡಿಗೆ "ಲಿಥಿಯಂ ಹಾಕ್ಸಿ, ಹಗುರ" ಅಂತ ಬರೋರ ಮಾತು ಕೇಳಿದ್ರೆ ನನಗೆ ಭಯ ಆಗುತ್ತೆ. ಲಿಥಿಯಂ ಒಳ್ಳೇದು, ಊಟದ ಬಿಡುವಲ್ಲಿ ಚಾರ್ಜ್ ಮಾಡ್ಕೋಬಹುದು, ನೀರು ಹಾಕೋ ರಗಳೆ ಇಲ್ಲ. ಆದ್ರೆ ಕಡಿಮೆಯಾದ ತೂಕಕ್ಕೆ ಸರಿಯಾಗಿ ಕಬ್ಬಿಣ ತುಂಬದೆ ಹಾಕಿದ್ರೆ ಏತದ ಕಲ್ಲು ಕಿತ್ತ ಹಾಗೇ.

ಇನ್ನೊಂದು ವಿಷಯ, ಇದು ತಿರುಗೋದು ಹಿಂದಿನ ಚಕ್ರದಿಂದ. ಮೂತಿ ಎಡಕ್ಕೆ ತಿರುಗಿದ್ರೆ ಹಿಂಭಾಗ ಬಲಕ್ಕೆ ಬೀಸುತ್ತೆ. ಪಕ್ಕದಲ್ಲಿ ಬಾರ್‌ಕೋಡ್ ಹೊಡೀತಾ ನಿಂತೋನಿಗೆ ಅದು ಬಂದಿದ್ದು ಗೊತ್ತಾಗಲ್ಲ. ಡೀಸೆಲ್ ಗಾಡಿ ಸದ್ದಾದ್ರೂ ಮಾಡ್ತಿತ್ತು.

ಈಗ ಫಲಕದ ವಿಷಯಕ್ಕೆ ಬರ್ತೀನಿ, ಇಷ್ಟು ಬರೆಯೋಕೆ ಕಾರಣವೇ ಅದು. ಪ್ರತಿ ಫೋರ್ಕ್‌ಲಿಫ್ಟಿನ ಮೇಲೂ ಒಂದು ಲೋಹದ ತಗಡು ಇರುತ್ತೆ. ಎಷ್ಟು ದೂರಕ್ಕೆ, ಎಷ್ಟು ಎತ್ತರಕ್ಕೆ, ಎಷ್ಟು ಭಾರ ಅಂತ. 1500 ಕೆಜಿ ಅನ್ನೋದು ಸರಕಿನ ನಡುಮಧ್ಯ ಫೋರ್ಕಿನ ಬುಡದಿಂದ 50 ಸೆಂಟಿಮೀಟರ್ ಒಳಗಿದ್ರೆ ಮಾತ್ರ. ಪ್ಯಾಲೆಟ್ಟನ್ನ ಉದ್ದುದ್ದಕ್ಕೆ ಎತ್ತಿದ್ರೆ ಆ ದೂರ 60 ಆಗುತ್ತೆ. ಮುಂದಿನ ಚಕ್ರದಿಂದ ಫೋರ್ಕಿನ ಬುಡಕ್ಕೆ 40 ಅಂತ ಇಟ್ಕೊಳ್ಳಿ. 1500ನ್ನ 90ರಿಂದ ಗುಣಿಸಿ 100ರಿಂದ ಭಾಗಿಸಿ: 1350. ಮೂರು ಮೂಟೆ ಸಿಮೆಂಟಿನಷ್ಟು ಶಕ್ತಿ ಹೋಯ್ತು, ಬರೀ ಪ್ಯಾಲೆಟ್ ತಿರುಗಿಸಿದ್ದಕ್ಕೆ. ಎತ್ತರಕ್ಕೆ ಹೋದ ಹಾಗೆ ಇನ್ನೂ ಇಳಿಯುತ್ತೆ.

ಸ್ಕ್ಯಾನರ್ ಜೋಡಿಸೋಕೆ ಹೋಗಿದ್ದ ಒಂದು ಗೋಡೌನಲ್ಲಿ ರಾಯಚೂರು ಕಡೆಯ ಒಬ್ಬ ಆಪರೇಟರ್‌ನ ಆ ತಗಡಲ್ಲಿ ಏನಿದೆ ಅಂತ ಕೇಳಿದೆ. "ಕಂಪನಿ ಹೆಸರು ಬರ್ದಿರ್ತಾರ್ರೀ ಸರ್" ಅಂದ. ಹಾಗಾದ್ರೆ ಭಾರ ಜಾಸ್ತಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ? "ಎತ್ತಿದ ಕೂಡ್ಲೇ ಹಿಂದ ಹಗುರಾದಂಗ ಅನಸ್ತೈತ್ರಿ. ಆಗ ಇಳಸ್ತೀನ್ರಿ."

ಅವನು ದಡ್ಡ ಅಲ್ಲ. ನಾನು ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಪೇಪರಲ್ಲಿ ಬರೆದು ಪಾಸಾದದ್ದನ್ನ ಅವನು ಸೀಟಿನಲ್ಲಿ ಕೂತು ಕಲ್ತಿದಾನೆ. ಆದ್ರೆ ನೆಲದ ಹತ್ತಿರ ಸರಿ ಅನ್ಸಿದ ಭಾರ ನಾಲ್ಕು ಮೀಟರ್ ಮೇಲೆ ಸರಿ ಇರಲ್ಲ, ಅಲ್ಲಿ ಹಿಂದೆ ಹಗುರಾದ್ರೆ ಇಳಿಸೋಕೆ ಟೈಮೇ ಸಿಗದೇ ಇರಬಹುದು. ಕೂತು ಓಡಿಸೋ ಇಂಥ ಗಾಡಿ ಮಗುಚಿದ್ರೆ ಹಾರಬಾರದು, ಹಾರಿದೋನ ಮೇಲೇ ತಲೆ ಮೇಲಿನ ಕಬ್ಬಿಣದ ಚೌಕಟ್ಟು ಬೀಳುತ್ತೆ. ಬೆಲ್ಟ್ ಹಾಕ್ಕೊಂಡು, ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಂಡು, ಬೀಳೋ ದಿಕ್ಕಿನ ವಿರುದ್ಧಕ್ಕೆ ವಾಲಬೇಕು. ಇದನ್ನೂ ಅಲ್ಲೇ ಬರೆದಿದ್ರು. ಇಂಗ್ಲೀಷಲ್ಲಿ.

ಲಕ್ಷಗಟ್ಟಲೆ ಕೊಟ್ಟು ಗಾಡಿ ತರೋರು, ತಿಂಗಳುಗಟ್ಟಲೆ ನಮ್ಮ ಹತ್ರ ಸಾಫ್ಟ್‌ವೇರ್ ಬರೆಸೋರು, ಒಂದು ಅಂಗೈ ಅಗಲದ ಸ್ಟಿಕರ್ ಕನ್ನಡದಲ್ಲಿ ಅಂಟಿಸೋಕೆ ಯಾಕೆ ಆಗಲ್ಲ? "ಆಪರೇಟರ್‌ಗಳೆಲ್ಲ ಬಿಹಾರ, ಒಡಿಶಾದೋರು" ಅಂತಾರೆ. ಸರಿ ಸ್ವಾಮಿ, ಹಿಂದಿ, ಒಡಿಯಾದಲ್ಲೂ ಹಾಕಿ, ಪಕ್ಕದಲ್ಲಿ ಚಿತ್ರನೂ ಹಾಕಿ. ನಮ್ಮ ಭಾಷಾಭಿಮಾನ ಮಾಲ್‌ಗಳ ಬೋರ್ಡಿನ ಹತ್ರ ನಿಂತುಬಿಟ್ಟಿದೆ ಅನ್ಸುತ್ತೆ ನನಗೆ. ಓದಕ್ಕೆ ಬರದಿದ್ರೆ ಕಾಲು ಹೋಗೋ ಬೋರ್ಡ್ ಒಳಗಿದೆ.

ನಾನೇ ಒಂದು ಬರೆಯೋಕೆ ಕೂತಿದೀನಿ. ಅಂಕಿಗಳು ಆಯಾ ಗಾಡಿಯ ತಗಡಿನಿಂದಲೇ ಬರಬೇಕು, ಅದು ಸುಲಭ. ಸಿಕ್ಕಾಕ್ಕೊಂಡಿರೋದು 'ಲೋಡ್ ಸೆಂಟರ್' ಅನ್ನೋ ಪದದಲ್ಲಿ. 'ಹೊರೆ ಕೇಂದ್ರ' ಅಂದ್ರೆ ಯಾವುದೋ ಸರ್ಕಾರಿ ಕಚೇರಿ ಥರ ಕೇಳುತ್ತೆ. ಸದ್ಯಕ್ಕೆ 'ಭಾರದ ನಡು' ಅಂತ ಇಟ್ಕೊಂಡಿದೀನಿ. ಎತ್ತಿನ ಗಾಡಿಗೆ ಚೀಲ ಹೇರುವಾಗ ಮುಂದೆ ಜಾಸ್ತಿ ಆಯ್ತು, ಹಿಂದೆ ಜಾಸ್ತಿ ಆಯ್ತು ಅಂತ ನೋಡ್ತಿದ್ರಲ್ಲ, ಆ ಕಡೆ ಇದಕ್ಕೊಂದು ಮಾತು ಇದ್ದೇ ಇರಬೇಕು. ಗೊತ್ತಿದ್ದೋರು ಕಾಮೆಂಟಲ್ಲಿ ಹಾಕಿ.