ಇಂಗಿತವನ್ನರಿಯುವ ಯಂತ್ರ

ಎದುರಿಗಿರುವವರು ಬಾಯಿಬಿಡುವ ಮೊದಲೇ ಅವರ ಇಂಗಿತವನ್ನು ಅರಿಯುವುದು ಬಲ್ಲವರ ಲಕ್ಷಣವೆಂದು ಹಿರಿಯರು ಹೇಳುತ್ತಾರೆ. ಈ ಗುಣ ಯಂತ್ರಕ್ಕೂ ಬೇಕೆಂದರೆ ಮಿತ್ರರು ನಕ್ಕಾರು. ಆದರೆ ಬೇಕೆಂಬುದೂ, ಸಾಧ್ಯವೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಗಣಕಯಂತ್ರದ ಮುಂದೆ ಕುಳಿತವರಿಗೆಲ್ಲ ಈ ಅನುಭವ ಉಂಟು. ಜಾಲತಾಣದ ಎಡಗಡೆ ವಿಷಯಗಳ ಪಟ್ಟಿ. ಒಂದರ ಮೇಲೆ ಮೌಸಿನ ಬಾಣವಿಟ್ಟರೆ ಬಲಕ್ಕೆ ಉಪಪಟ್ಟಿ ತೆರೆಯುತ್ತದೆ. ಅದರ ಕೆಳಗಿನ ಸಾಲನ್ನು ಮುಟ್ಟಲು ಕೈ ಓರೆಯಾಗಿ ಸಾಗುತ್ತದೆ. ಅದೇ ಹತ್ತಿರದ ದಾರಿಯಲ್ಲವೇ? ಆದರೆ ನಡುವೆ ಬಾಣವು ಪಟ್ಟಿಯ ಮುಂದಿನ ಹೆಸರನ್ನು ಸೋಕಿದೊಡನೆ ಯಂತ್ರವು ತೆರೆದದ್ದನ್ನು ಮುಚ್ಚಿ ಬೇರೊಂದನ್ನು ತೆರೆದುಬಿಡುತ್ತದೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು!

ಇದಕ್ಕೆ ಪರಿಹಾರವಿಲ್ಲವೇ? ಉಂಟು. ಉಪಪಟ್ಟಿಯನ್ನು ಬದಲಿಸುವ ಮುನ್ನ ಯಂತ್ರವು ಒಂದು ಕ್ಷಣ ಕಾಯಬಹುದು. ಆದರೆ ಆಗ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತ ಬರುವವರಿಗೆ ಪ್ರತಿ ಹೆಸರಿಗೂ ತಡವಾಗುತ್ತದೆ. ಇದಕ್ಕಿಂತ ಜಾಣ್ಮೆಯದು ತ್ರಿಕೋನದ ಉಪಾಯ. ಬಾಣವಿರುವ ಬಿಂದುವಿನಿಂದ ಉಪಪಟ್ಟಿಯ ಸಮೀಪದ ಅಂಚಿನ ಎರಡು ಮೂಲೆಗಳಿಗೆ ಎರಡು ಗೆರೆಗಳನ್ನು ಕಲ್ಪಿಸಿಕೊಳ್ಳಿ. ಆ ತ್ರಿಕೋನದೊಳಗೆ ಬಾಣ ಮುಂದೆ ಸಾಗುತ್ತಿರುವ ತನಕ ಉಪಪಟ್ಟಿ ತೆರೆದೇ ಇರುತ್ತದೆ; ಹೊರಗೆ ಹೊರಳಿದರೆ ಒಡನೆ ಬದಲಾಗುತ್ತದೆ. ಆಪಲ್ ಸಂಸ್ಥೆಯಲ್ಲಿದ್ದ ಬ್ರೂಸ್ ಟೊಗ್ನಾಜಿನಿಯವರು 1980ರ ದಶಕದಲ್ಲೇ ಮ್ಯಾಕಿಂಟಾಷ್ ಯಂತ್ರಕ್ಕೆ ಇಂಥ ಉಪಾಯವನ್ನು ರೂಪಿಸಿದ್ದರು. ಅಮೆಜಾನ್ ತಾಣದ ಪಟ್ಟಿಯಲ್ಲಿ ಇದು ಕೆಲಸಮಾಡುತ್ತಿದ್ದ ಬಗೆಯನ್ನು ಬೆನ್ ಕೇಮನ್ಸ್ 2013ರಲ್ಲಿ ವಿವರಿಸಿ, ಅಂಥದೇ ಕ್ರಮವಿಧಿಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು.

ಉಪಾಯ ಹಳೆಯದು, ಖರ್ಚಿಲ್ಲದ್ದು. ಆದರೂ ಗಣಕ ಕೊಠಡಿಯಲ್ಲಿ ಕಿರಿಯರಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಲು ನೆರವಾಗುವಾಗ ನಾನು ಕಾಣುವುದೇನು? ಫೋನನ್ನು ಸರಾಗವಾಗಿ ಬಳಸುವವರಿಗೂ ಮೌಸ್ ಹೊಸದು. ಉಪಪಟ್ಟಿ ಎರಡು ಸಲ ಮಾಯವಾದರೆ ಸಾಕು, “ಅಕ್ಕಾ, ಇದು ನನಗೆ ಬರೋದಿಲ್ಲ” ಎಂದು ಕೈ ಹಿಂದೆಗೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನು. ಆ ಮಾತಿನ ಹಿಂದಿರುವ ಅಂಜಿಕೆಯನ್ನು ಬಲ್ಲೆ. ತಪ್ಪು ಪಟ್ಟಿಯದು, ಕುಗ್ಗುವವರು ನಾವು! ಸಾಮಾನು ಮಾರುವವರಿಗೆ ಇದ್ದ ತಾಳ್ಮೆ ಸಾರ್ವಜನಿಕರ ಕೆಲಸದ ತಾಣಗಳಿಗೆ ಬೇಡವೇ?

ಕೈಯ ಚಲನೆಯನ್ನು ಗಮನಿಸುವುದು ಗೂಢಚರ್ಯೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸಾಧುವಾದದ್ದೇ; ಮೌಸಿನ ಓಡಾಟವನ್ನು ದಾಖಲಿಸಿ ಗಿರಾಕಿಯ ಮನಸ್ಸನ್ನು ಅಳೆಯುವವರೂ ಇದ್ದಾರೆ. ಆದರೆ ತ್ರಿಕೋನಕ್ಕೆ ಬೇಕಾದದ್ದು ಬಾಣ ದಾಟಿಬಂದ ಕೊನೆಯ ಕೆಲವು ಬಿಂದುಗಳಷ್ಟೆ. ಅವನ್ನು ಬರೆದಿಡಬೇಕಾಗಿಲ್ಲ, ಎಲ್ಲಿಗೂ ಕಳುಹಿಸಬೇಕಾಗಿಲ್ಲ. ಇಂಗಿತವನ್ನರಿತು, ನೆರವಾಗಿ, ಮರೆತುಬಿಡುವುದು ಸೌಜನ್ಯ. ಅರಿತು ಲೆಕ್ಕ ಬರೆದಿಡುವುದು ವ್ಯಾಪಾರ. ನಾವು ಬೇಡುವುದು ಮೊದಲನೆಯದನ್ನು.

ಆದುದರಿಂದ ಇಂಥ ತಾಣಗಳನ್ನು ಕಟ್ಟುವವರು ಮೊದಲ ಸಲ ಮೌಸ್ ಹಿಡಿದವರ ಕೈಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಿ. ನಾಳೆ ನಮ್ಮಲ್ಲಿ ಯಾರಾದರೂ ಆ ಕೆಲಸಕ್ಕೆ ಸೇರಿದರೆ ಅವರಿಗೂ ಈ ಮಾತು ನೆನಪಿರಲಿ.