ಹುಳು ಬೀಳದ ಗಿಡ

ಮುಂಗಾರು ಮೊದಲಾಗುತ್ತಲೇ ಪಟ್ಟಣಗಳ ಸಸ್ಯಕ್ಷೇತ್ರಗಳಲ್ಲಿ ಜನಸಂದಣಿ ಕೂಡುವುದು. ಹೊಸ ಮನೆಯನ್ನು ಕಟ್ಟಿಸಿದ ಗೃಹಸ್ಥರು, ಶಾಲೆಯ ಅಂಗಳವನ್ನು ಅಂದಗೊಳಿಸಬೇಕೆಂದಿರುವ ಉಪಾಧ್ಯಾಯರು, ಬೀದಿಗೆ ನೆರಳನ್ನು ಬಯಸುವ ಬಡಾವಣೆಯ ಸಂಘದವರು ಎಲ್ಲರೂ ಅಲ್ಲಿಗೆ ಬರುವರು. ಮಾರುವವನು ಸಸಿಯೊಂದನ್ನು ಎತ್ತಿ ಹಿಡಿದು ಹೇಳುವ ಮಾತು ಊರೂರಿಗೂ ಒಂದೇ: ಬೇಗ ಬೆಳೆಯುವುದು, ವರ್ಷವೆಲ್ಲ ಹಸುರಾಗಿರುವುದು, ಕಸ ಚೆಲ್ಲದು, ಹುಳು ಬೀಳದು. ಕೊಳ್ಳುವವರು ತಲೆದೂಗಿ ಸಸಿಯನ್ನು ಒಯ್ಯುವರು. ಈ ನಾಲ್ಕರಲ್ಲಿ ಕಡೆಯದು ಗುಣವೋ ದೋಷವೋ ಎಂದು ವಿಚಾರಿಸುವವರು ವಿರಳ. ಮನೆಗೆ ತರುವ ಅಕ್ಕಿಬೇಳೆಯನ್ನು ಕಲ್ಲುಮಣ್ಣು ನೋಡಿ ಆರಿಸುವ ವಿದ್ಯಾವಂತ ಕುಟುಂಬಗಳೂ ಮೂರು ತಲೆಮಾರು ನಿಲ್ಲತಕ್ಕ ಮರವನ್ನು ಮಾರುವವನ ಮಾತಿನ ಮೇಲೆಯೇ ಆರಿಸುತ್ತಿರುವುದು ಸೋಜಿಗವಲ್ಲವೆ?

ಹುಳು ಬೀಳದ ಗಿಡವೆಂದರೆ ಯಾರಿಗೂ ಅನ್ನವಿಕ್ಕದ ಗಿಡ. ಎಲೆಯನ್ನು ಮೇಯುವ ಹುಳುವನ್ನು ಮನೆಯವರು ವೈರಿಯೆಂದೆಣಿಸುವರು. ಹಕ್ಕಿಯ ಮರಿಗೆ ಅದೇ ತುತ್ತು. ಗುಬ್ಬಿ ಕಾಳು ತಿನ್ನುವ ಹಕ್ಕಿಯೆಂಬುದು ನಿಜ. ಆದರೆ ಮೊಟ್ಟೆಯೊಡೆದು ಬಂದ ಎಳೆಯ ಮರಿಗೆ ಅದು ಕಾಳನ್ನು ನಚ್ಚಿ ಕುಳಿತಿರದು. ಮೆತ್ತನೆಯ ಹುಳುಹುಪ್ಪಟೆಗಳನ್ನು ಹುಡುಕಿ ತಂದು ಬಾಯಿಗಿಡುವುದು. ಪ್ರತಿವರ್ಷ ಮಾರ್ಚ್ 20ರಂದು ಗುಬ್ಬಿಗಳ ದಿನವನ್ನು ಆಚರಿಸಿ, ಗುಬ್ಬಿ ಕಣ್ಮರೆಯಾಯಿತೆಂದು ನಿಟ್ಟುಸಿರಿಟ್ಟು, ಜಗಲಿಗೆ ರಟ್ಟಿನ ಗೂಡನ್ನು ತೂಗುಹಾಕುವ ಮನೆಯವರೇ ಅದರೆದುರಿಗೆ ಹುಳು ಬೀಳದ ಬೇಲಿಯನ್ನು ನೆಟ್ಟಿರುವರು. ಛತ್ರವನ್ನು ಕಟ್ಟಿಸಿ ಅಡುಗೆಮನೆಗೆ ಬೀಗ ಹಾಕಿದಂತಾಯಿತು.

ಚಿಟ್ಟೆಗಳ ವಿಷಯದಲ್ಲಿಯೂ ಇದೇ ಭ್ರಾಂತಿ. ಬಣ್ಣದ ಹೂಗಳನ್ನು ನೆಟ್ಟರೆ ಚಿಟ್ಟೆಗಳು ಬರುವುವೆಂದು ಜನರು ನಂಬಿರುವರು. ಹೂವಿಗೆ ಚಿಟ್ಟೆ ಬರುವುದು ಉಣ್ಣಲು. ಹುಟ್ಟುವುದು ಎಲೆಯ ಮೇಲೆ. ಅದರ ಮರಿಹುಳು ಸಿಕ್ಕಿದ ಎಲೆಯನ್ನೆಲ್ಲ ತಿನ್ನದು; ಕುಲಪರಂಪರೆಯಿಂದ ತನಗೆ ಒಗ್ಗಿದ ಕೆಲವೇ ಗಿಡಗಳನ್ನು ತಿನ್ನುವುದು. ಎಕ್ಕದ ಎಲೆಯಲ್ಲಿ ಬೆಳೆಯುವ ಚಿಟ್ಟೆ ಬೇರೆ, ಕರಿಬೇವು ನಿಂಬೆಗಳಲ್ಲಿ ಬೆಳೆಯುವುದು ಬೇರೆ, ಕಕ್ಕೆಯ ಚಿಗುರನ್ನು ಬೋಳಿಸಿ ತಿಳಿಹಳದಿ ರೆಕ್ಕೆಗಳಾಗಿ ಹಾರುವುದು ಬೇರೆ. ಕರ್ನಾಟಕದ ರಾಜ್ಯಚಿಟ್ಟೆಯೆಂದು ಗೌರವಿಸಲ್ಪಟ್ಟ, ಅಂಗೈಯಗಲವನ್ನೂ ಮೀರುವ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಗೆ ಈಶ್ವರಿ ಬಳ್ಳಿಯೂ ಅದರ ಬಂಧುಗಳೂ ಬೇಕು. ಘಟ್ಟದ ಸೀಮೆಯ ಹಿತ್ತಿಲುಗಳಿಂದ ಆ ಬಳ್ಳಿಯನ್ನು ಕಳೆಯೆಂದು ಕಿತ್ತುಹಾಕಿ, ಚಿಟ್ಟೆಯ ಚಿತ್ರವನ್ನು ಗೋಡೆಗೆ ಹಚ್ಚಿದರೆ ಫಲವೇನು?

ಮರಗಳಲ್ಲಿ ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳ ಕುಲಕ್ಕೆ ಸಮಾನವಾದುದು ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಅತ್ತಿಯ ಹಣ್ಣನ್ನು ಬಿಚ್ಚಿ ಒಳಗಿನ ಹುಳುವನ್ನು ಕಂಡು ಮುಖ ಸಿಂಡರಿಸುವವರು ಅದು ಹಣ್ಣಿನ ಕೊಳೆಯಿಂದ ಹುಟ್ಟಿದುದೆಂದು ತಿಳಿದಿರುವರು. ಅದೊಂದು ಸೂಕ್ಷ್ಮವಾದ ಕಣಜ. ಈ ಕುಲದ ಒಂದೊಂದು ಜಾತಿಯ ಮರಕ್ಕೂ ಬಹುಮಟ್ಟಿಗೆ ಅದರದೇ ಆದ ಕಣಜವುಂಟು. ಕಣಜವು ಕಾಯಿಯನ್ನು ಹೊಕ್ಕು ಒಳಗಿನ ಹೂಗಳಿಗೆ ಪರಾಗವನ್ನು ಮುಟ್ಟಿಸದಿದ್ದರೆ ಬೀಜವಿಲ್ಲ. ಕಾಯಿಯಿಲ್ಲದಿದ್ದರೆ ಕಣಜಕ್ಕೆ ಸಂತತಿಯಿಲ್ಲ. ಮಹಾಭಾರತದ ಶಾಂತಿಪರ್ವವು ಒಡಗೂಡಿಯೂ ಬೇರೆಯಾಗಿರುವ ಎರಡು ತತ್ತ್ವಗಳಿಗೆ ಉದುಂಬರವನ್ನೂ ಅದರೊಳಗಿನ ನೊಣವನ್ನೂ ದೃಷ್ಟಾಂತವಾಗಿ ಹಿಡಿದಿರುವುದನ್ನು ನೋಡಿದರೆ, ಪ್ರಾಚೀನರು ಈ ಹಣ್ಣನ್ನು ಬಿಚ್ಚಿ ಮುಖ ತಿರುಗಿಸದೆ ಪರೀಕ್ಷಿಸಿದ್ದರೆಂದು ತೋರುವುದು. ಕಣಜದ ಆಯುಸ್ಸು ಬಹು ಅಲ್ಪವಾದುದರಿಂದ ಆ ಸೀಮೆಯಲ್ಲಿ ಯಾವುದಾದರೊಂದು ಮರವು ಯಾವ ಕಾಲದಲ್ಲಿಯೂ ಕಾಯಿಬಿಟ್ಟಿರಲೇಬೇಕು. ಆದುದರಿಂದಲೇ ಬೇರೆ ಮರಗಳೆಲ್ಲ ಬರಿದಾದ ದಿನಗಳಲ್ಲಿಯೂ ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಹಸುರು ಪಾರಿವಾಳ, ಬಾವಲಿಗಳಿಗೆ ಆಲದ ಮರದಲ್ಲಿ ಊಟ ಸಿಕ್ಕುವುದು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಹಾದಿಯಲ್ಲಿ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ 385 ಮರಗಳು ಆಲದವು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಅವರ ಶ್ರಮವನ್ನು ಕೊಂಡಾಡಿತು. ಆಯ್ಕೆಯ ವಿವೇಕವನ್ನು ಕೊಂಡಾಡಿದವರು ಕಡಮೆ. ಅಕ್ಷರವನ್ನರಿಯದ ಆ ತಾಯಿಯು ತಮ್ಮೂರಿನ ಸುತ್ತಲೂ ಬೆಳೆಯುತ್ತಿದ್ದ ಮರದ ಸಸಿಯನ್ನೇ ನೆಟ್ಟರು. ಅಕ್ಷರವಂತರು ಬಡಾವಣೆಗಳ ಅಂಚಿಗೆ ಕೊನೊಕಾರ್ಪಸ್ ಸಾಲನ್ನು ನಿಲ್ಲಿಸುತ್ತಿರುವರು. ಈ ಮರದ ನೆಡುವಿಕೆಯನ್ನು ಗುಜರಾತ್ ಸರಕಾರವು 2023ರಲ್ಲಿ ನಿಷೇಧಿಸಬೇಕಾಯಿತು.

ನಿವೇಶನ ಚಿಕ್ಕದು, ಆಲವನ್ನು ನೆಟ್ಟರೆ ಗೋಡೆ ಬಿರಿಯುವುದೆಂಬ ಆಕ್ಷೇಪವು ನ್ಯಾಯವಾದುದೇ. ಆಲಕ್ಕೆ ಕೆರೆಯ ಬಯಲು, ಗುಂಡುತೋಪು, ಶಾಲೆಯ ಮೈದಾನಗಳುಂಟು, ಮನೆಯಂಗಳಕ್ಕೆ ಪೊದೆಗಳುಂಟು. ಕವಳಿಯ ಮುಳ್ಳಿನೊಳಗೆ ಹಕ್ಕಿ ನಿರ್ಭಯವಾಗಿ ಗೂಡು ಕಟ್ಟುವುದು, ಹಣ್ಣು ಮಕ್ಕಳಿಗೂ ಹಕ್ಕಿಗೂ ಆಗುವುದು. ಕೇಪಳಕ್ಕೆ ಚಿಟ್ಟೆಗಳೂ ಲಕ್ಕಿಗೆ ಜೇನುನೊಣಗಳೂ ಮುತ್ತುವುವು. ದನಕರುಗಳು ಬೇಲಿಯನ್ನು ಮೇಯುವುವೆಂಬ ಭಯವಿದ್ದವರಿಗೆ, ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಸುಳ್ಳು ಮಾಡುವುದಕ್ಕೇ ಹುಟ್ಟಿದಂತಿರುವ ಆಡುಸೋಗೆಯುಂಟು. ಆಡು ಬಿಟ್ಟರೂ ದುಂಬಿಗಳು ಅದರ ಬಿಳಿಯ ಹೂವನ್ನು ಬಿಡವು. ಇವನ್ನೆಲ್ಲ ಬಿಟ್ಟು ಮೊಳದೆತ್ತರಕ್ಕೆ ಕತ್ತರಿಸಿದ ಹಳದಿ ಡುರಾಂಟಾವನ್ನೇ ಮನೆಮನೆಗೂ ನಿಲ್ಲಿಸಿದರೆ, ಕತ್ತರಿಗೆ ಕೆಲಸವಾಗುವುದೇ ಹೊರತು ಬೇರೆ ಯಾರಿಗೂ ಅದರಿಂದ ಉಪಯೋಗವಿಲ್ಲ.

ಪ್ರತಿವಾದಿಗಳು ಸೌಂದರ್ಯದ ಮಾತನ್ನು ಎತ್ತುವರು. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿದ ಜರ್ಮನಿಯ ಕೃಂಬಿಗಲ್ಲರು ಒಂದು ಮರದ ಹೂವು ಉದುರುತ್ತಲೇ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರೆಂದೂ, ದೂರದೇಶದ ಮರಗಳಿಂದಲೇ ನಗರಕ್ಕೆ ಕೀರ್ತಿ ಬಂದಿತೆಂದೂ ನೆನಪಿಸುವರು. ಆ ಕಲ್ಪನೆ ರಮಣೀಯವಾದುದು, ಅದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಆ ಮಾಲೆಯನ್ನು ಕಟ್ಟಲು ಈ ನೆಲದ ಹೂಗಳು ಸಾಲವೆ? ಚಳಿ ಕಳೆಯುತ್ತಲೇ ಮುತ್ತುಗ, ಬೂರುಗ, ಹಾಲವಾಣಗಳು ಕೆಂಡದಂತೆ ಅರಳುವುವು; ಬೂರುಗದ ಕೆಂಪು ಬಟ್ಟಲುಗಳ ಬಳಿ ಗೊರವಂಕಗಳ ಜಗಳವನ್ನು ನೋಡುವುದೇ ಒಂದು ಹಬ್ಬ. ಬೇಸಗೆಗೆ ಕಕ್ಕೆಯ ಚಿನ್ನದ ಗೊಂಚಲು, ಹೊಂಗೆಯ ಹೂಹಾಸು, ಹೊಳೆದಾಸವಾಳದ ನೇರಿಳೆ ಬಣ್ಣ; ಮಳೆಗಾಲಕ್ಕೆ ಕದಂಬ; ಶರತ್ಕಾಲಕ್ಕೆ ಪಾರಿಜಾತ. ಇನ್ನು ಆಫ್ರಿಕದಿಂದ ತಂದು ಬೀದಿಗಳಲ್ಲಿ ನೆಟ್ಟಿರುವ ನೀರುಕಾಯಿ ಮರದ ಕೇಸರಿ ಹೂವಿನ ರಸವಾದರೋ ಮುಳ್ಳಿಲ್ಲದ ಚಿಕ್ಕ ಜೇನುನೊಣಗಳನ್ನು ಕೊಲ್ಲುವುದೆಂದು ಪರೀಕ್ಷಕರು ಕಂಡಿರುವರು. ಅಂತಹ ಹೂವನ್ನು ಚೆಲುವೆನ್ನುವುದಾದರೆ ವಿಷಕನ್ಯೆಯೂ ಚೆಲುವೆಯೇ.

ಇದು ಬರಿಯ ಸ್ವದೇಶಾಭಿಮಾನವೆಂದು ಹಳಿಯುವವರೂ ಉಂಟು. ಹುಣಿಸೆ ಆಫ್ರಿಕದ್ದು, ಸೀಬೆ ಅಮೆರಿಕದ್ದು, ಅವನ್ನೂ ಕಡಿಯಬೇಕೆ ಎಂದು ಅವರು ಕೇಳುವರು. ಬೇಡ. ವಾದವಿರುವುದು ಗಿಡದ ಹುಟ್ಟೂರನ್ನು ಕುರಿತಲ್ಲ. ಅದು ಇಲ್ಲಿ ಮಾಡುವ ಕೆಲಸವನ್ನು ಕುರಿತು. ಅಮೆರಿಕದ ಗಸಗಸೆ ಹಣ್ಣಿನ ಮರವು ಪೇಟೆಯ ಬೀದಿಯಲ್ಲಿ ಹಕ್ಕಿಗಳಿಗೆ ಮಾಡುವ ಉಪಕಾರವನ್ನು ಯಾರೂ ಇಲ್ಲವೆನ್ನಲಾರರು. ಕಾಡಿನಂಚಿನಲ್ಲಿ ಮಾತ್ರ ಇಂತಹ ಔದಾರ್ಯ ಸಲ್ಲದು. ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ದೇಶಕ್ಕೆ ತಂದುದು ತೋಟದ ಅಲಂಕಾರಕ್ಕಾಗಿಯೇ. ಅದರ ಹೂವಿಗೂ ಚಿಟ್ಟೆ ಬರುವುದು, ಹಣ್ಣಿಗೂ ಹಕ್ಕಿ ಬರುವುದು. ಆ ಹಕ್ಕಿಗಳೇ ಬೀಜವನ್ನು ಹರಡಿದುದರಿಂದ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲು ಬೆಳೆಯಬೇಕಾದ ನೆಲವನ್ನು ಅದು ಬಹುದೂರ ಮುಚ್ಚಿರುವುದು. ಹಳದಿ ಹೂವಿನ ಆಸೆಗೆ ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕದ ಮರವು ವಯನಾಡು, ಮುದುಮಲೆ, ಬಂಡೀಪುರಗಳಲ್ಲಿ ಅದೇ ಕಥೆಯನ್ನು ಮತ್ತೆ ಬರೆಯುತ್ತಿರುವುದು. ಅಂಗಳದ ಶೃಂಗಾರ ಅಂಗಳದಲ್ಲಿಯೇ ನಿಲ್ಲುವುದೆಂಬುದಕ್ಕೆ ಹೊಣೆ ಯಾರು?

ಕೆಲವೆಡೆ ಮರವನ್ನು ನೆಡದಿರುವುದೇ ಸರಿಯಾದ ಆಯ್ಕೆ. ರಾಣೆಬೆನ್ನೂರಿನ ಬಯಲು ಕೃಷ್ಣಮೃಗಗಳದು. ಎರೆಬೂತವೆಂದು ಜನರು ಕರೆಯುತ್ತಿದ್ದ ಹೆಬ್ಬಕವೂ ಹಿಂದೆ ಅಲ್ಲಿ ಕಾಣುತ್ತಿದ್ದಿತು. 1974ರಲ್ಲಿ 119 ಚದರ ಕಿಲೋಮೀಟರುಗಳ ಆ ಪ್ರದೇಶವು ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗವನ್ನು ನೀಲಗಿರಿಯ ತೋಪುಗಳು ಆಕ್ರಮಿಸಿದ್ದುವು. ದೂರದವರೆಗೆ ಕಣ್ಣುಹಾಯಿಸಿ ಬದುಕುವ ಪ್ರಾಣಿಗೆ ತೋಪಿನ ಕತ್ತಲೆ ರಕ್ಷಣೆಯಾಗದು. ರಾಜ್ಯ ಸರಕಾರವು ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸಿದುದು 2017ರಲ್ಲಿ. ಕೆ. ಎಂ. ಮುನ್ಶಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿ ಜುಲೈ ತಿಂಗಳಿನಲ್ಲಿಯೂ ನೆಟ್ಟ ಸಸಿಗಳ ಸಂಖ್ಯೆಯನ್ನು ಸಾರುವ ಪದ್ಧತಿ ಬೆಳೆದುಬಂದಿದೆ. ಯಾವ ಸಸಿ, ಯಾವ ನೆಲದಲ್ಲಿ ಎಂದು ಸಾರುವುದು ಮಾತ್ರ ಅಪರೂಪ.

ಸಸಿಯನ್ನು ಕೊಳ್ಳುವವರು ಅದರ ಎತ್ತರಕ್ಕೆ ಮರುಳಾಗುವುದು ಇನ್ನೊಂದು ಚಪಲ. ಚೀಲದಲ್ಲಿಯೇ ವರ್ಷಗಟ್ಟಲೆ ನಿಂತು ಆಳೆತ್ತರಕ್ಕೆ ಬೆಳೆದ ಸಸಿಯ ಬೇರುಗಳು ಒಳಗೆ ಸಿಂಬಿಯಂತೆ ಸುತ್ತಿಕೊಂಡಿರುವುವು. ನೆಲಕ್ಕಿಟ್ಟ ಮೇಲೂ ಆ ಸುತ್ತು ಬಿಚ್ಚದೆ ಮರವನ್ನು ಬಿಗಿಯುವುದು, ಗಾಳಿಗೆ ಕೆಡಹುವುದು. ಬುಡ ದಪ್ಪವಾಗಿ ತಲೆ ಗಿಡ್ಡವಾಗಿರುವ, ಹತ್ತಿರದ ಸೀಮೆಯ ತಾಯಿಮರಗಳ ಬೀಜದಿಂದ ಎದ್ದ ಸಸಿಯೇ ಲೇಸು. ಬೀಜ ಎಲ್ಲಿಯದೆಂದು ಕೇಳಿದರೆ ಮಾರುವವನು ಮೊದಲು ನಗಬಹುದು. ಹತ್ತು ಮನೆಯವರು ಕೇಳಿದರೆ ಮುಂದಿನ ವರ್ಷ ಉತ್ತರವನ್ನು ಸಿದ್ಧಮಾಡಿಕೊಂಡಿರುವನು. ಹೊಂಗೆಯ ಎಲೆಯಲ್ಲಿ ಗಂಟುಗಳಿವೆ, ಕಕ್ಕೆಯ ಚಿಗುರು ತೂತಾಗಿದೆ ಎಂದು ಅವನು ಹಿಂದಿನ ಸಾಲಿಗೆ ತಳ್ಳಿಟ್ಟ ಸಸಿಗಳನ್ನು ಮುಂದಕ್ಕೆ ತರಿಸಿ, ಚೀಲದ ತಳವನ್ನು ಒತ್ತಿ ಬೇರನ್ನು ಪರೀಕ್ಷಿಸಿ, ಬೇರು ನೆಟ್ಟಗಿದ್ದರೆ ಅವನ್ನೇ ಕೊಳ್ಳಬಹುದು. ತೂತು ಬಿದ್ದ ಎಲೆಯ ಬದಲಿಗೆ ಮಳೆ ಹಿಡಿದ ಒಂದು ತಿಂಗಳೊಳಗೆ ಬೇರೆ ಎಲೆ ಬರುವುದು.